ಲಂಡನ್‌ನಲ್ಲಿ ಒಂದು ಶನಿವಾರ: ಪ್ರೀಮಿಯರ್ ಲೀಗ್ ಟಿಕೆಟ್ ಬಿಡಿ, ಡಲ್ವಿಚ್‌ಗೆ ಹೋಗಿ

ಸರ್, ಸೆಪ್ಟೆಂಬರ್‌ನಲ್ಲಿ ಮಗಳ ಮನೆಗೆ ಲಂಡನ್‌ಗೆ ಹೋಗ್ತಿದ್ದೀನಿ, ಅರ್ಸೆನಲ್ ಟಿಕೆಟ್‌ಗೆ ಕೇಳ್ತಿರೋ ದುಡ್ಡು ನೋಡಿದ್ರೆ ಫುಟ್ಬಾಲೇ ಬೇಡ ಅನ್ಸುತ್ತೆ ಅಂತ ಬರೆದಿದ್ದೀರಿ. ಬೇಡ ಅನ್ನಬೇಡಿ. ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನಲ್ಲಿ ಕೂತು ನಮ್ಮೂರಿನ ಸೂಪರ್ ಡಿವಿಷನ್ ಲೀಗ್ ನೋಡಿ ಬೆಳೆದವರು ನೀವು. ನಿಮಗೆ ಹೇಳಿ ಮಾಡಿಸಿದ ಜಾಗ ಡಲ್ವಿಚ್ ಹ್ಯಾಮ್ಲೆಟ್ ಅನ್ನೋ ಸಣ್ಣ ಫುಟ್ಬಾಲ್ ಕ್ಲಬ್ಬಿನ ಚಾಂಪಿಯನ್ ಹಿಲ್ ಗ್ರೌಂಡ್.

ದಾರಿ ಸುಲಭ. ಲಂಡನ್ ಬ್ರಿಡ್ಜ್ ಸ್ಟೇಷನ್‌ನಲ್ಲಿ ರೈಲು ಹತ್ತಿ ಈಸ್ಟ್ ಡಲ್ವಿಚ್‌ನಲ್ಲಿ ಇಳಿಯಿರಿ, ಕಾಲು ಗಂಟೆಯೂ ಬೇಡ. ಅಲ್ಲಿಂದ ನಡೆದೇ ಹೋಗಬಹುದು. ದೊಡ್ಡ ಸೇನ್ಸ್‌ಬರೀಸ್ ಅಂಗಡಿ ಕಂಡರೆ ಬಂದ್ರಿ ಅಂತ ಲೆಕ್ಕ, ಗ್ರೌಂಡ್ ಅದರ ಪಕ್ಕದಲ್ಲೇ. ಹಳೇ ಸ್ಟೇಡಿಯಂ ಒಡೆದು, ಜಾಗದ ಒಂದು ಭಾಗ ಅಂಗಡಿಗೆ ಹೋಗಿ, ಈಗಿರೋದನ್ನು 1992ರಲ್ಲಿ ತೆರೆದರು. ಮೂರು ಸಾವಿರ ಜನ ಹಿಡಿಯುತ್ತೆ ಅಷ್ಟೇ. ಶನಿವಾರದ ಆಟ ಮೂರು ಗಂಟೆಗೆ, ನೀವು ಎರಡಕ್ಕೇ ಅಲ್ಲಿರಿ. ಟಿಕೆಟ್ ಇಪ್ಪತ್ತು ಪೌಂಡಿನ ಒಳಗೇ ಮುಗಿಯುತ್ತೆ, ಹಿರಿಯರಿಗೆ ರಿಯಾಯಿತಿ ಇದೆ, ಕೇಳಿ ತಗೊಳ್ಳಿ.

ಗ್ರೌಂಡಿಗೆ ಹೋಗೋ ರಸ್ತೆಯ ಹೆಸರು ಎಡ್ಗರ್ ಕೇಲ್ ವೇ. ಬೋರ್ಡ್ ಕಂಡಾಗ ಒಂದು ಕ್ಷಣ ನಿಲ್ಲಿ. ಎಡ್ಗರ್ ಕೇಲ್ ದುಡ್ಡಿಗೆ ಆಡದೆ ಕೊನೇ ತನಕ ಈ ಕ್ಲಬ್ಬಿಗೇ ಆಡಿದ ಮನುಷ್ಯ. 1929ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾಗಿ ಫ್ರಾನ್ಸ್ ವಿರುದ್ಧ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದ. ದೊಡ್ಡ ವೃತ್ತಿಪರ ಲೀಗಿನ ಹೊರಗಿನ ಕ್ಲಬ್ಬಿನಿಂದ ಇಂಗ್ಲೆಂಡಿಗೆ ಆಡಿದ ಕೊನೆಯ ಕೆಲವರಲ್ಲಿ ಅವನೂ ಒಬ್ಬ. ಇವತ್ತಿಗೂ ಗೋಲಿನ ಹಿಂದೆ ನಿಂತ ಜನ ಅವನ ಹೆಸರು ಹಿಡಿದು ಹಾಡ್ತಾರೆ. ಆ ಹಾಡೋರಲ್ಲಿ ಅವನ ಆಟ ಕಣ್ಣಾರೆ ಕಂಡವರು ಒಬ್ಬರೂ ಇರಲಾರರು!

ಒಳಗೆ ಹೋದ ಮೇಲೆ ಮುಖ್ಯ ಸ್ಟ್ಯಾಂಡಿನಲ್ಲಿ ಕೂರೋ ಯೋಚನೆ ಬಿಡಿ. ಗೋಲಿನ ಹಿಂದೆ ಕಂಬಿ ಹಿಡಿದು ನಿಲ್ಲಿ. ಗೋಲ್‌ಕೀಪರ್ ಡಿಫೆಂಡರ್‌ಗಳನ್ನು ಬೈಯೋದು, ಟ್ಯಾಕಲ್ ಮಾಡಿದಾಗ ಬೂಟಿಗೆ ಬೂಟು ತಾಗೋದು, ಕಾರ್ನರ್ ಹೊಡೆಯೋ ಹುಡುಗ ಉಸಿರು ಎಳ್ಕೊಳ್ಳೋದು, ಎಲ್ಲಾ ಕಿವಿಗೆ ಬೀಳುತ್ತೆ. ಟೀವಿಯಲ್ಲಿ ಸಲೀಸಾಗಿ ಕಾಣೋ ಹೆಡರ್ ಎಷ್ಟು ಒರಟು ಕೆಲಸ ಅಂತ ಅಲ್ಲಿ ಗೊತ್ತಾಗುತ್ತೆ. ಹಾಫ್ ಟೈಮ್ ಆದ ಕೂಡಲೇ ಗುಂಪಿಗೆ ಗುಂಪೇ ಆ ಕಡೆ ಗೋಲಿನ ಹಿಂದಕ್ಕೆ ನಡೆಯುತ್ತೆ, ತಮ್ಮ ತಂಡ ದಾಳಿ ಮಾಡೋ ಕಡೆಗೇ. ನೀವೂ ಹೋಗಿ. ಕ್ಲಬ್ಬಿನ ಬಣ್ಣದ ಗುಲಾಬಿ, ನೀಲಿ ಮಫ್ಲರ್ ಹಾಕಿದ ಯಾರನ್ನಾದರೂ ಮಾತಾಡಿಸಿ, 2018ರ ಕಥೆ ಕೇಳಿ. ಜಾಗದ ಜಗಳದಲ್ಲಿ ಕ್ಲಬ್ಬನ್ನು ಅದರ ಗ್ರೌಂಡಿನಿಂದಲೇ ಹೊರಗೆ ಹಾಕಿದ್ದರು. ಬೇರೆಯವರ ಮೈದಾನದಲ್ಲಿ ಆಡ್ಕೊಂಡೇ ಅದೇ ಸೀಸನ್‌ನಲ್ಲಿ ಪ್ಲೇ-ಆಫ್ ಗೆದ್ದು ಮೇಲಿನ ದರ್ಜೆಗೆ ಹೋದರು, ಡಿಸೆಂಬರ್‌ನಲ್ಲಿ ಮನೆಗೆ ವಾಪಸ್ ಬಂದರು. ಅದನ್ನು ಹೇಳುವಾಗ ಅವರ ದನಿಯೇ ಬೇರೆ ಆಗುತ್ತೆ.

ಇನ್ನೊಂದು ವಿಷಯ, ನಮ್ಮವರಿಗೆ ಸಂಬಂಧಿಸಿದ್ದು. 1948ರ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಮೆಕ್ಸಿಕೋವನ್ನು 5-3ರಲ್ಲಿ ಸೋಲಿಸಿದ್ದು ಚಾಂಪಿಯನ್ ಹಿಲ್‌ನಲ್ಲೇ. ಅದಕ್ಕೆ ಎರಡು ದಿನ ಮೊದಲು, ಜುಲೈ 31ರಂದು, ಲಂಡನ್ನಿನ ಪೂರ್ವದ ಇಲ್ಫರ್ಡ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿತ್ತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇದ್ದರು. ನಮ್ಮ ಗೋಲು ಹೊಡೆದದ್ದು ಮೈಸೂರು ತಂಡದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈಬಿಟ್ಟು 2-1ರಲ್ಲಿ ಸೋತೆವು. ಪ್ರೀಮಿಯರ್ ಲೀಗಿನ ಗಾಜಿನ ಅರಮನೆಗಳಿಗಿಂತ ಇಂಥ ಸಣ್ಣ ಗ್ರೌಂಡುಗಳೇ ಆ ಕಾಲಕ್ಕೆ ಹತ್ತಿರ ಅನ್ನೋದು ನನ್ನ ಅಭಿಪ್ರಾಯ.

ತಿನ್ನೋಕೆ ಚಿಪ್ಸ್ ಸಾಕು. ಇಂಥ ಗ್ರೌಂಡುಗಳ ಟೀ ಅಂಗಡಿಯಲ್ಲಿ ಬೋವ್ರಿಲ್ ಅಂತ ಬಿಸಿ ಪಾನೀಯ ಇರಬಹುದು. ಅದು ದನದ ಮಾಂಸದ ಸಾರದಿಂದ ಮಾಡಿದ್ದು, ನೀವು ತಿನ್ನದವರಾದರೆ ಚಹಾ ಅಂತಲೇ ಸ್ಪಷ್ಟವಾಗಿ ಹೇಳಿ.

ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಬ್ರಿಟನ್‌ನಲ್ಲಿ ಟೀವಿಯಲ್ಲಿ ಫುಟ್ಬಾಲ್ ನೇರಪ್ರಸಾರ ಮಾಡೋ ಹಾಗಿಲ್ಲ, ಸಣ್ಣ ಕ್ಲಬ್ಬುಗಳ ಗೇಟಿಗೆ ಜನ ಬರಲಿ ಅಂತಲೇ ಆ ನಿಯಮ. ಆದ್ದರಿಂದ ಅಳಿಯಂದಿರು ಮನೆಯಲ್ಲೇ ಮ್ಯಾಚ್ ನೋಡೋಣ ಅಂದರೆ ಒಪ್ಪಬೇಡಿ, ಅವರನ್ನೂ ಕರ್ಕೊಂಡು ಹೋಗಿ.

ಒಂದೇ ಎಚ್ಚರಿಕೆ. ಸೆಪ್ಟೆಂಬರ್‌ನಲ್ಲಿ ಎಫ್‌ಎ ಕಪ್ಪಿನ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಅರ್ಹತಾ ಸುತ್ತುಗಳು ನಡೀತಿರುತ್ತವೆ, ಆ ಶನಿವಾರಗಳಲ್ಲಿ ಲೀಗ್ ಪಂದ್ಯ ಬೇರೆ ದಿನಕ್ಕೆ ಹೋಗಬಹುದು. ಜೋರು ಮಳೆ ಬಂದರೆ ಆಟ ಮುಂದೂಡೋದೂ ಉಂಟು. ಮನೆ ಬಿಡೋ ಮೊದಲು ಬೆಳಿಗ್ಗೆ ಕ್ಲಬ್ಬಿನ ಪುಟ ನೋಡಿ. ನಿಮ್ಮ ಪ್ರಯಾಣದ ದಿನಾಂಕ ಇಲ್ಲೇ ಹಾಕಿ, ಅಷ್ಟರಲ್ಲಿ ಡಲ್ವಿಚ್‌ನವರ ಆಟ ತಮ್ಮ ಗ್ರೌಂಡಿನಲ್ಲಿ ಯಾವತ್ತು ಇದೆ ಅಂತ ನಾನು ನೋಡಿ ಹೇಳ್ತೀನಿ.