ಹಳಿ ಅದೇ ಐತಿ, ಗಾಡಿ ಬಿಡ್ರಿ

(ಧಾರವಾಡ ಮಾಳಮಡ್ಡಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಹಳೆಯ ಆಟಗಳ ಬಗ್ಗೆ ನೀವು ತಂದ ಪುರವಣಿಯಲ್ಲಿ ಚಿಣ್ಣಿಕೋಲು, ಬಗರಿ, ಲಗೋರಿ ಎಲ್ಲ ಬಂದವು, ನನ್ನ ಆಟ ಬರಲಿಲ್ಲ. 1982ರಲ್ಲಿ ನಮ್ಮ ಕಾಕಾ ಪಶ್ಚಿಮ ಜರ್ಮನಿಯಿಂದ ಲೆಗೊ ಇಟ್ಟಿಗೆಗಳ ರೈಲು ಮತ್ತು ಸಣ್ಣದೊಂದು ಪೇಟೆಯ ಸೆಟ್ ತಂದಿದ್ದರು. ಮೊನ್ನೆ ಅಟ್ಟದಲ್ಲಿ ಸಿಕ್ಕಿತು. ಬಿಳಿ ಇಟ್ಟಿಗೆಗಳು ಹಳದಿಯಾಗಿವೆ, ಮೋಟಾರು ಗುಂಯ್ ಅನ್ನುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೆಂಗಳೂರಿನ ತಮ್ಮ ಮಾರಿಬಿಡು ಅನ್ನುತ್ತಾನೆ. ಹನ್ನೊಂದು ವರ್ಷದ ಮಗನಿಗೆ ಕೊಡಿಸಿದ ಹೊಸ ಲೆಗೊ ರೈಲು ಒಂದು ಮಧ್ಯಾಹ್ನದಲ್ಲಿ ಕಟ್ಟಿ ಮುಗಿದು ಶೋಕೇಸ್ ಸೇರಿದೆ. ಈಗಿನ ಮಕ್ಕಳಿಗೆ ಆಟವೇ ಗೊತ್ತಿಲ್ಲ. ಈ ಜರ್ಮನ್ ಆಟಿಕೆಯನ್ನು ಏನು ಮಾಡಲಿ?")

ಮಾನ್ಯರೇ,

ಪುರವಣಿಯ ವಿಷಯದಲ್ಲಿ ತಪ್ಪು ನಮ್ಮದು. ಬಾಲ್ಯ ಅಂದ ಕೂಡಲೇ ಪತ್ರಿಕೆಯವರ ಕೈ ತಾನಾಗಿ ಬಗರಿ, ಗೋಲಿಗುಂಡುಗಳ ಕಡೆಗೇ ಹೋಗುತ್ತದೆ. ಪ್ಲಾಸ್ಟಿಕ್ಕು, ಅದರಲ್ಲೂ ಪರದೇಶದ್ದು, ನೆನಪಿನ ಲೆಕ್ಕಕ್ಕೆ ಬರುವುದಿಲ್ಲ ಅನ್ನುವ ಕಾಯಿದೆಯನ್ನು ಯಾರು ಯಾವಾಗ ಮಾಡಿದರೋ, ನಾವೂ ಪಾಲಿಸಿಕೊಂಡು ಬಂದಿದ್ದೇವೆ. ಆದರೆ ನಿಮ್ಮ ಮೂರನೇ ಪುಟದಲ್ಲಿ ಒಂದು ಸಾಲು ಇದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಹಬ್ಬ ಮುಗಿದ ಮೇಲೆ ತಂದು ನಿಮ್ಮ ಲೆಗೊ ಪೇಟೆಯ ರೈಲ್ವೆ ಗೇಟಿನ ಮುಂದೆ ನಿಲ್ಲಿಸುತ್ತಿದ್ದಿರಿ ಎಂದು. ಹೆಬ್ಬೆರಳಿನ ತುದಿಯಷ್ಟು ಎತ್ತರದ ಮನುಷ್ಯರು, ಅವರಿಗಿಂತ ಮೂರು ಪಟ್ಟು ದೊಡ್ಡ ಎತ್ತುಗಳು! ಅಂಥ ಪೇಟೆ ಯುರೋಪಿನ ಯಾವ ಮನೆಯಲ್ಲೂ ಇದ್ದಿರಲಿಕ್ಕಿಲ್ಲ. ಅದು ಅಪ್ಪಟ ಮಾಳಮಡ್ಡಿಯದು. ಆ ಸಾಲಿಗಾಗಿಯೇ ಈ ಉತ್ತರ ಉದ್ದವಾಗುತ್ತಿದೆ.

ಮೊದಲು ಒಂದು ತಿದ್ದುಪಡಿ. ಕಾಕಾ ಕೊಂಡದ್ದು ಜರ್ಮನಿಯಲ್ಲಿ ಇರಬಹುದು, ಆಟಿಕೆಯ ಊರು ಮಾತ್ರ ಡೆನ್ಮಾರ್ಕಿನ ಬಿಲುಂಡ್. ಅಲ್ಲಿಯ ಬಡಿಗ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಕಟ್ಟಿಗೆಯ ಆಟಿಕೆ ಮಾಡತೊಡಗಿದ. ಡೇನಿಷ್ ಭಾಷೆಯ 'ಲೆಗ್ ಗೊಟ್', ಅಂದರೆ 'ಚೆಂದಾಗಿ ಆಡು' ಅನ್ನುವುದರಿಂದ ಹೆಸರು ಹುಟ್ಟಿತು. ಒಳಗೆ ಕೊಳವೆಯಿರುವ, ಒಂದರ ಮೇಲೊಂದು ಗಟ್ಟಿಯಾಗಿ ಕೂರುವ ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಪೇಟೆ ಕಟ್ಟುವ ಸೆಟ್ ಅದಕ್ಕೂ ಮೂರು ವರ್ಷ ಮೊದಲೇ, 1955ರಲ್ಲಿ ಬಂದಿತ್ತು. ರೈಲು ಬಂದದ್ದು 1966ರಲ್ಲಿ.

ನಿಮ್ಮದು ಯಾವ ಕಾಲದ್ದು ಎಂದು ನೀವು ಕೇಳಿಲ್ಲ, ಆದರೂ ಪತ್ರದಲ್ಲಿಯೇ ಉತ್ತರ ಅಡಗಿದೆ. ಮೊದಲ ಗಾಡಿಗಳ ಹಳಿ ನೀಲಿ ಬಣ್ಣದ್ದು. ನೀವು ಬೂದು ಹಳಿ ಎಂದಿದ್ದೀರಿ, ಅಂದರೆ 1980ರ ನಂತರದ್ದು. ನಡುವೆ ಲೋಹದ ಪಟ್ಟಿಯ ಹಳಿ ಇಲ್ಲ ಎಂದಿದ್ದೀರಿ. ಇದ್ದಿದ್ದರೆ ಅದು ಗೋಡೆಯ ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಓಡುವ 12 ವೋಲ್ಟಿನ ಗಾಡಿ, ದೂರದಿಂದಲೇ ಪಾಯಿಂಟು (ಹಳಿ ಕವಲೊಡೆಯುವ ಜಾಗ) ತಿರುವುವ, ಸಿಗ್ನಲ್ ಬದಲಿಸುವ ಸಾಹುಕಾರರ ಸರಂಜಾಮು. ನಿಮ್ಮದು ಡಬ್ಬಿಯೊಂದರಲ್ಲಿ ಮೂರು ಸೆಲ್ಲು ಹೊತ್ತುಕೊಂಡು ತಿರುಗುವ ನಾಲ್ಕೂವರೆ ವೋಲ್ಟಿನ ಬಡ ಗಾಡಿ. ಬಡದು ಅಂದೆನೆಂದು ಬೇಸರ ಬೇಡ, ನಾನು ಬಲ್ಲದ್ದೂ ಅದನ್ನೇ.

ಬಲ್ಲೆ ಅಂದರೆ ನನ್ನದಲ್ಲ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನ ಸಹಪಾಠಿಯೊಬ್ಬನ ಮನೆ, ಅವನ ತಂದೆ ಡಾಕ್ಟರು. ನಮ್ಮಪ್ಪ ರೈಲ್ವೆಯಲ್ಲಿ, ನಾವಿದ್ದದ್ದು ಗದಗ ರಸ್ತೆಯ ಕಡೆ ಕ್ವಾರ್ಟರ್ಸಿನಲ್ಲಿ. ರವಿವಾರ ಅವನ ಮನೆಯ ಪಡಸಾಲೆಯಲ್ಲಿ ಗಾಡಿ ಹೂಡುತ್ತಿದ್ದರು. ಹದಿನಾರು ಬಾಗು ಹಳಿ ಜೋಡಿಸಿದರೆ ಒಂದು ಪೂರ್ತಿ ಸುತ್ತು. ಸುತ್ತಿನ ಒಳಗೆ ಒಂದು ಪೆಟ್ರೋಲ್ ಬಂಕು, ಒಂದು ಮನೆ, ಒಂದೇ ನಗೆ ನಗುವ ನಾಲ್ಕು ಹಳದಿ ಮುಖದ ಮಂದಿ. (ಕೈಕಾಲು ಆಡಿಸುವ ಈ ಗೊಂಬೆಗಳು ಬಂದದ್ದು 1978ರಲ್ಲಿ. 1989ರಲ್ಲಿ ಕಡಲ್ಗಳ್ಳರು ಬರುವ ತನಕ ಪೊಲೀಸನಿಗೂ ಪೋಸ್ಟ್‌ಮನ್ನಿಗೂ ಅದೇ ನಗೆ.) ಗೆಳೆಯ ಡ್ರೈವರ್, ಅವನ ಅಣ್ಣ ಸ್ಟೇಷನ್ ಮಾಸ್ತರ್. ನನಗೆ, "ನಿಮ್ಮಪ್ಪ ರೈಲ್ವೆದಾಗ ಅದಾರಲ್ಲ, ನೀ ಗೇಟ್ ಹಿಡಿ" ಎಂದರು. ಹಿಡಿ ಅಂದರೆ ಗಾಡಿ ಮುಟ್ಟಬೇಡ ಅಂತ ಅರ್ಥ. ಗೇಟು ಅಂದರೆ ಹಲ್ಲು ಮುರಿದ ಒಂದು ಹಣಿಗೆ.

ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ಚಹಾ ಬಸಿ ಕೆಳಗಿಟ್ಟು, "ಗೇಟ್‌ಮನ್ ಅಂದ್ರ ಸಣ್ಣ ಮನಶಾ ಅಲ್ಲಪಾ. ಗೇಟ್ ಮುಚ್ಚಿ ಚಾವಿ ಹಾಕಿದ ಮ್ಯಾಲೇ ಸಿಗ್ನಲ್ಲಿನ ಕೈಮರ ಬೀಳತೈತಿ. ಅಂವಾ ಗೇಟ್ ಹಾಕಲಿಲ್ಲಂದ್ರ ಡ್ರೈವರ್ ಎಷ್ಟ ಶೀಟಿ ಹೊಡದರೂ ಗಾಡಿ ಮುಂದ ಹೋಗೂ ಹಂಗಿಲ್ಲ" ಎಂದರು. ಎಲ್ಲ ಗೇಟುಗಳಿಗೂ ಈ ಏರ್ಪಾಡು ಇರುವುದಿಲ್ಲ ಎಂದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅವತ್ತು ನನಗೆ ಅಷ್ಟು ಸಾಕಾಗಿತ್ತು. ಮುಂದಿನ ರವಿವಾರ ಐಸ್‌ಕ್ಯಾಂಡಿ ಕಡ್ಡಿಗೆ ಕುಂಕುಮ ಬಳಿದು ಕೈಮರ ಮಾಡಿಕೊಂಡು ಹೋದೆ. ಗಾಡಿ ಬಂತು. ನಾನು ಹಣಿಗೆ ಇಳಿಸಲಿಲ್ಲ. ಎತ್ತು ದಾಟುತ್ತಿವೆ ಎಂದೆ. ಎತ್ತು ಎಲ್ಲಿವೆ ಎಂದು ಕೇಳಿದರು. ಚಕ್ಕಡಿ ದೊಡ್ಡದು, ಇನ್ನೂ ದಾಟಿಲ್ಲ ಎಂದೆ. ಆ ಗಾಡಿಗೆ ರಿಮೋಟ್ ಇಲ್ಲ, ನಿಮಗೆ ಗೊತ್ತಲ್ಲ. ಡ್ರೈವರನೇ ಮೊಣಕಾಲಿನ ಮೇಲೆ ಅಂಬೆಗಾಲಿಟ್ಟು ಹಿಂದೆ ಓಡಿ ಬ್ಯಾಟರಿ ಡಬ್ಬಿಯ ಸ್ವಿಚ್ ಒತ್ತಬೇಕು. ಎರಡು ತಿಂಗಳು ನಾನು ಆ ಪಡಸಾಲೆಯ ರೈಲ್ವೆಯನ್ನು ಆಳಿದೆ. ಆಮೇಲೆ ನನ್ನನ್ನು ಕರೆಯುವುದು ಬಿಟ್ಟರು, ಅದು ನ್ಯಾಯವೇ.

ಈಗ ರಿಪೇರಿ. ಗುಂಯ್ ಅನ್ನುತ್ತದೆ ಅಂದರೆ ಮೋಟಾರಿಗೆ ಜೀವ ಇದೆ. ನಲವತ್ತು ವರ್ಷದ ಹಳೆಯ ಗ್ರೀಸು ಒಣಗಿ ಅಂಟಾಗಿರುತ್ತದೆ, ಗಾಲಿಯ ಅಚ್ಚಿಗೆ ಕೂದಲು, ಜಮಖಾನೆಯ ಎಳೆ ಸುತ್ತಿಕೊಂಡಿರುತ್ತದೆ. ಮೊದಲು ಚಿಮಟದಿಂದ ಅದನ್ನು ತೆಗೆಯಿರಿ. ಎಳೆಯುವ ಗಾಲಿಗಳಿಗೆ ರಬ್ಬರಿನ ಉಂಗುರ ಇರುತ್ತದೆ, ಅದು ಗಟ್ಟಿಯಾಗಿದ್ದರೆ ಗಾಲಿ ತಿರುಗಿದರೂ ಗಾಡಿ ಜಾರುತ್ತದೆ. ಅಳತೆಗೆ ಸರಿಯಾದ ಓ-ರಿಂಗ್ ಹಾಕಿದರಾಯಿತು. ಬ್ಯಾಟರಿ ಡಬ್ಬಿಯ ತಗಡಿನ ಮೇಲೆ ಸೋರಿದ ಕಲೆ ಇದ್ದರೆ ಹತ್ತಿಗೆ ಒಂದೆರಡು ಹನಿ ವಿನಿಗರ್ ಹಾಕಿ ಒರೆಸಿ, ಆಮೇಲೆ ಒಣಬಟ್ಟೆ. ಮೋಟಾರನ್ನು ಬಿಚ್ಚಲು ಮಾತ್ರ ಅವಸರ ಬೇಡ.

ಇಟ್ಟಿಗೆಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆಯಿರಿ, 40 ಡಿಗ್ರಿ ದಾಟಬಾರದು, ದಾಟಿದರೆ ಸೊಟ್ಟಗಾಗುತ್ತವೆ. ಅಂದರೆ ಬಚ್ಚಲ ಹಂಡೆಯ ನೀರು ನಡೆಯುವುದಿಲ್ಲ. ಹಳದಿಯಾಗಿರುವುದು ಕೊಳೆಯಲ್ಲ. 1963ರಿಂದ ಈ ಇಟ್ಟಿಗೆಗಳನ್ನು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ, ಬಿಸಿಲು ಮತ್ತು ಗಾಳಿ ತಾಗಿ ಅದರ ಬಣ್ಣ ತಿರುಗುತ್ತದೆ. ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ತಾಸುಗಟ್ಟಲೆ ಹಿಡಿದರೂ ಬಿಳುಪು ಮರಳುತ್ತದೆ. ಕೆಡಿಸಿದ ಬಿಸಿಲೇ ರಿಪೇರಿಗೂ ಬರುವುದು ಒಂದು ತಮಾಷೆ, ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಕೈಗವಸು ಹಾಕಿಕೊಳ್ಳಿ, ಮಗನನ್ನು ದೂರ ಇಡಿ, ಸ್ಟಿಕ್ಕರ್ ಇರುವ ತುಣುಕುಗಳನ್ನು ಅದಕ್ಕೆ ಹಾಕಲೇಬೇಡಿ. ಕೆಲ ವರ್ಷಗಳಲ್ಲಿ ಹಳದಿ ಮತ್ತೆ ಬರಬಹುದು. ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ. ನಮ್ಮ ಸ್ಟೇಷನ್ನುಗಳ ಗೋಡೆಗಳೇನು ಬೆಳ್ಳಗಿದ್ದವೇ?

ಕಳೆದುಹೋದ ತುಣುಕಿಗೆ ಬ್ರಿಕ್‌ಲಿಂಕ್ ಎಂಬ ತಾಣವಿದೆ. ಹಳೆಯ ಲೆಗೊ ಬಿಡಿಬಿಡಿಯಾಗಿ ಮಾರುವ ಸಂತೆ ಅದು. 2000ದಲ್ಲಿ ಶುರುವಾಯಿತು, 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ಆದರೆ ತರಿಸುವ ಮುನ್ನ ಸುಂಕದ ಲೆಕ್ಕ ಹಾಕಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

ಈ ಸುಂಕದ ಮಾತು ನಿಮ್ಮ ಮಗನ ಶೋಕೇಸಿನ ಹತ್ತಿರ ನನ್ನನ್ನು ತಂದು ನಿಲ್ಲಿಸಿತು. ಸಿಟ್ಟಾಗಬೇಡಿ, ನೇರವಾಗಿ ಕೇಳುತ್ತೇನೆ: ಆ ರೈಲನ್ನು ಶೋಕೇಸಿನಲ್ಲಿ ಇಟ್ಟವರು ಯಾರು? ಹುಡುಗನೋ, "ಬಿಚ್ಚಬ್ಯಾಡ, ಅಷ್ಟ ರೊಕ್ಕಾ ಕೊಟ್ಟೇವಿ" ಅಂದವರೋ? ನಮ್ಮ ಮನೆಯಲ್ಲಿ ಅಂದವನು ನಾನೇ, ಅದಕ್ಕೆ ಕೇಳಿದೆ. 1982ರಲ್ಲಿ ನಿಮ್ಮ ಸೆಟ್ಟಿಗೆ ಎಷ್ಟು ಬಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಕಾ ಜರ್ಮನಿಯ ಮಾರ್ಕಿನಲ್ಲಿ ಕೊಟ್ಟರು, ಕೈಬೀಸಿ ಮರೆತರು. ಬೆಲೆ ಗೊತ್ತಿಲ್ಲದ್ದಕ್ಕೇ ನೀವು ಅದನ್ನು ನೂರು ಸಲ ಕಿತ್ತಿರಿ, ನೂರು ಸಲ ಕಟ್ಟಿದಿರಿ, ಮಣ್ಣಿನ ಎತ್ತು ತಂದು ನಿಲ್ಲಿಸಿದಿರಿ. ಆಗಿನ ಸೆಟ್ಟಿನಲ್ಲೂ ಹೇಗೆ ಕಟ್ಟಬೇಕೆಂಬ ಪುಸ್ತಿಕೆ ಇರುತ್ತಿತ್ತು. ನಿಮ್ಮದು ಮೊದಲ ವಾರವೇ ಹರಿದಿತ್ತು ಅಂತ ನೀವೇ ಬರೆದಿದ್ದೀರಿ. ಈಗಿನ ಪೇಟೆಯ ಸೆಟ್ಟುಗಳಲ್ಲಿ ಪೊಲೀಸರೂ ಅಗ್ನಿಶಾಮಕದವರೂ ಅತಿಯಾದರು ಅನ್ನುವ ನಿಮ್ಮ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಇಷ್ಟೊಂದು ಕಳ್ಳರಿರುವ ಊರಲ್ಲಿ ಒಂದು ಖಾನಾವಳಿ ಬೇಡವೇ?

ಇನ್ನು ನಿಮ್ಮ ಪತ್ರದ ಕೊನೆಯ ಪುಟ. "ನನ್ನ ಕಾಲದ ಹಳಿಗೂ ಅವನ ಕಾಲದ ಹಳಿಗೂ ಹೊಂದಾಣಿಕೆಯೇ ಇಲ್ಲ" ಎಂದು ಬೇಸರದಿಂದ ಬರೆದಿದ್ದೀರಿ. ಹೋಲಿಕೆಗೆ ಹೇಳಿದಿರೋ, ನಿಜವಾಗಿಯೂ ಹಾಗೆ ತಿಳಿದಿದ್ದೀರೋ, ಗೊತ್ತಾಗಲಿಲ್ಲ. ನಿಜವಾಗಿ ಹಾಗೆ ತಿಳಿದಿದ್ದರೆ ಅದು ತಪ್ಪು.

ನಾವು ಹುಬ್ಬಳ್ಳಿ-ಧಾರವಾಡದವರು ಇಂಥ ತಪ್ಪು ಮಾಡುವುದು ಸಹಜ. ನಮ್ಮ ಕಣ್ಣೆದುರಿಗೇ ಗೇಜು ಬದಲಾಗಿದೆ. ನಾವು ಹುಡುಗರಾಗಿದ್ದಾಗ ಇಲ್ಲಿ ಮೀಟರ್ ಗೇಜ್, ಹಳಿಗಳ ನಡುವೆ 1,000 ಮಿಲಿಮೀಟರ್. ಮುಂಬೈಗೆ ಹೊರಟವರು ಮೀರಜದಲ್ಲಿ ಟ್ರಂಕು, ಹಾಸಿಗೆ, ರೊಟ್ಟಿ ಗಂಟು ಎಲ್ಲ ಇಳಿಸಿ ದೊಡ್ಡ ಗಾಡಿಗೆ ಏರಿಸಬೇಕಿತ್ತು. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂತು, ನಡುವಿನ ಅಂತರ 1,676 ಮಿಲಿಮೀಟರ್ ಆಯಿತು. ಅದರೊಂದಿಗೆ ಹಳೆಯ ಎಂಜಿನ್ನು, ಡಬ್ಬಿ ಎಲ್ಲ ಒಂದೇ ಏಟಿಗೆ ನಿರುಪಯುಕ್ತ. ಹಳೆಯ ಗಾಡಿ ಅಂದರೆ ಹೊಸ ಹಳಿಯ ಮೇಲೆ ಓಡದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಲೆಗೊದವರು ಮಾತ್ರ ಗೇಜು ಬದಲಿಸಲೇ ಇಲ್ಲ. ನೀಲಿ ಹಳಿ ಹೋಗಿ ಬೂದು ಬಂತು, 1991ರಲ್ಲಿ ಹಳಿಯಲ್ಲೇ ಕರೆಂಟು ಹರಿಯುವ 9 ವೋಲ್ಟಿನ ಗಾಡಿ ಬಂತು, 2006ರಲ್ಲಿ ರಿಮೋಟ್ ಗಾಡಿ, 2018ರಿಂದ ಬ್ಲೂಟೂತು. ಹಳಿಗಳ ನಡುವಿನ ಅಂತರ ಅಂದಿನಿಂದ ಇಂದಿನವರೆಗೆ ಅದೇ, ಸುಮಾರು ಮೂವತ್ತೇಳೂವರೆ ಮಿಲಿಮೀಟರ್. ನಿಮ್ಮ 1982ರ ಗಾಡಿಯನ್ನು ಮಗನ ಹೊಸ ಹಳಿಯ ಮೇಲೆ ಇಡಿ, ಓಡುತ್ತದೆ. ಹಳಿಯಿಂದ ಹಳಿಗೆ ಸೇರಿಸುವ ಕೊಂಡಿ ಮಾತ್ರ ಬೇರೆ, ಕೂಡುವಲ್ಲಿ ಕೆಳಗೊಂದು ಚಪ್ಪಟೆ ತುಣುಕು ಕೊಟ್ಟು ಎತ್ತರ ಸರಿಮಾಡಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದೆಂದು ನಾನು ಹೇಳುವುದಿಲ್ಲ, ಹುಡುಗನಿಗೆ ಬಿಡಿ.

ಒಂದು ಲೆಕ್ಕವನ್ನೂ ಅವನಿಗೇ ಕೊಡಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದನೆಯದು. ಲೆಗೊ ಹಳಿಯನ್ನು ನಮ್ಮ ಬ್ರಾಡ್ ಗೇಜಿಗೆ ಹೋಲಿಸಿದರೆ ಸುಮಾರು ನಲವತ್ತೈದನೇ ಒಂದು ಪಾಲು. ಆ ಅಳತೆಯಲ್ಲಿ ಪ್ಲಾಟ್‌ಫಾರ್ಮ್ ಕಟ್ಟಲು ಎಷ್ಟು ಉದ್ದದ ಪಡಸಾಲೆ ಬೇಕು? ನನಗೆ ಬಂದ ಉತ್ತರ ಮೂವತ್ಮೂರು ಮೀಟರಿಗೂ ಹೆಚ್ಚು. ನಿಮ್ಮ ಮಾಳಮಡ್ಡಿಯ ಹಳೆಯ ಮನೆ ದೊಡ್ಡದೇ ಇರಬಹುದು, ಆದರೂ ಬಚ್ಚಲ ದಾಟಿ ಹಿತ್ತಲ ಬಾವಿಯವರೆಗೆ ಹೋಗಬೇಕಾದೀತು.

ಮಾರುವ ವಿಚಾರಕ್ಕೆ: ಡಬ್ಬಿ ಇಲ್ಲ, ಪುಸ್ತಿಕೆ ಇಲ್ಲ, ಇಟ್ಟಿಗೆ ಹಳದಿ. ತಮ್ಮ ಹೇಳುವಷ್ಟು ಬರುವುದಿಲ್ಲ. ಬಂದರೂ ಮಾರಬೇಡಿ.

ಸೆಲ್ಲು ಕೊಳ್ಳುವಾಗ ಎಚ್ಚರ. ಆ ಡಬ್ಬಿಗೆ ಬೇಕಾದದ್ದು ಸಿ ಅಳತೆಯದು, ದೊಡ್ಡ ಬ್ಯಾಟರಿ ದೀಪಕ್ಕೆ ಹಾಕುವುದಕ್ಕಿಂತ ಒಂದು ಅಳತೆ ಸಣ್ಣದು. ಅಂಗಡಿಯವರು ದೊಡ್ಡದನ್ನೇ ಕೊಟ್ಟು ಇದೇ ಅದು ಅನ್ನುತ್ತಾರೆ, ನಂಬಬೇಡಿ. ಧಾರವಾಡದಲ್ಲಿ ಸಿಗದಿದ್ದರೆ ಒಂದು ಕಾರ್ಡು ಹಾಕಿ, ಹುಬ್ಬಳ್ಳಿಯಿಂದ ಮೂರು ಸೆಲ್ಲು ನಾನೇ ತಂದುಕೊಡುತ್ತೇನೆ. ಗೇಟ್‌ಮನ್ನನ ಜಾಗ ಖಾಲಿ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ಹಣಿಗೆ ನಾನು ತರುತ್ತೇನೆ, ಎತ್ತು ನಿಮ್ಮವು.

ಸಂಪಾದಕ