‘ಫೈಲ್ ಬಳಕೆಯಲ್ಲಿದೆ’ ಅಂತ ಅನ್‌ಇನ್‌ಸ್ಟಾಲ್ ನಿಂತುಬಿಟ್ಟಿದೆ. ಫೋಲ್ಡರನ್ನೇ ಅಳಿಸಲು ಯಾವ ಟೂಲ್ ಒಳ್ಳೆಯದು?

ಯಾವ ಟೂಲೂ ಬೇಡ. ದಯವಿಟ್ಟು ಆ ಫೋಲ್ಡರ್ ಮುಟ್ಟಬೇಡಿ.

ನಾನು ಮುಟ್ಟಿ ಅನುಭವಿಸಿದ್ದೇನೆ. ವಿಂಡೋಸ್‌ನಲ್ಲಿ ಒಂದು ಬ್ಯಾಕಪ್ ಸಾಫ್ಟ್‌ವೇರ್ ತೆಗೆಯಬೇಕಿತ್ತು. ಅದನ್ನು ಮುಚ್ಚಿದ್ದರೂ ನಿಮಗೆ ಬಂದ ಸಂದೇಶವೇ ಬಂತು. ಸಿಟ್ಟಿನಲ್ಲಿ ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ, ರೀಸೈಕಲ್ ಬಿನ್‌ಗೂ ಹೋಗದಂತೆ ಶಿಫ್ಟ್ ಒತ್ತಿ ಅದರ ಫೋಲ್ಡರನ್ನು ಡಿಲೀಟ್ ಮಾಡಿದೆ. ಅಲ್ಲೇ ಎಡವಿದ್ದು. ಯಾರೂ ಹಿಡಿದುಕೊಂಡಿರದ ಫೈಲುಗಳೆಲ್ಲ ಹೋದವು. ಬಳಕೆಯಲ್ಲಿದ್ದ ಒಂದು ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ತಮ್ಮೊಳಗೆ ಲೋಡ್ ಮಾಡಿಕೊಳ್ಳುವ ಕೋಡ್ ಫೈಲ್) ಮಾತ್ರ ಉಳಿಯಿತು. ಅಂದರೆ ತೊಂದರೆ ಕೊಡುತ್ತಿದ್ದದ್ದು ಹಾಗೇ ಇತ್ತು, ಅನ್‌ಇನ್‌ಸ್ಟಾಲ್‌ಗೆ ಬೇಕಾದದ್ದು ಹೋಗಿತ್ತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಗೆ ಇದ್ಯಾವುದೂ ಗೊತ್ತಿಲ್ಲ ನೋಡಿ. ಹಿನ್ನೆಲೆಯಲ್ಲಿ ಓಡುವ ಅದರ ಸರ್ವಿಸ್‌ನ ಹೆಸರು, ರೈಟ್ ಕ್ಲಿಕ್ ಮೆನುವಿನ ನಮೂದು, ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿದೆ ಎಂಬ ದಾಖಲೆ, ಎಲ್ಲ ಅಲ್ಲೇ ಇದ್ದವು. ಹೊಸ ಆವೃತ್ತಿ ಹಾಕಲು ಹೋದರೆ ಮೊದಲು ಹಳೆಯದನ್ನು ತೆಗೆಯಿರಿ ಅನ್ನುತ್ತಿತ್ತು. ತೆಗೆಯಲು ಹೋದರೆ ಫೈಲೇ ಸಿಗುತ್ತಿಲ್ಲ ಅನ್ನುತ್ತಿತ್ತು. ಕೊನೆಗೆ ಅದೇ ಹಳೆಯ ಆವೃತ್ತಿಯ ಇನ್‌ಸ್ಟಾಲರ್ ಹುಡುಕಿ ತಂದು, ರಿಪೇರ್ ಕೊಟ್ಟು, ಅಳಿಸಿದ ಫೈಲುಗಳನ್ನೆಲ್ಲ ವಾಪಸ್ ತರಿಸಿಕೊಂಡ ಮೇಲೆಯೇ ದಾರಿ ಸಿಕ್ಕಿದ್ದು. ವಾರಾಂತ್ಯ ಪೂರ್ತಿ ಇದಕ್ಕೇ ಹೋಯಿತು.

ಆ ಡಿಎಲ್‌ಎಲ್ ಹಿಡಿದುಕೊಂಡಿದ್ದದ್ದು ಯಾರು ಗೊತ್ತಾ? ಫೋಲ್ಡರುಗಳನ್ನು ತೋರಿಸುವ ವಿಂಡೋಸ್ ಎಕ್ಸ್‌ಪ್ಲೋರರ್! ರೈಟ್ ಕ್ಲಿಕ್ ಮೆನುವಿಗೆ ತನ್ನದೊಂದು ಸಾಲು ಸೇರಿಸುವ ಸಾಫ್ಟ್‌ವೇರ್‌ನ ಡಿಎಲ್‌ಎಲ್ ಎಕ್ಸ್‌ಪ್ಲೋರರ್ ಒಳಗೇ ಹೋಗಿ ಕೂರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಹುಡುಕಿದರೂ ಆ ಸಾಫ್ಟ್‌ವೇರ್ ಹೆಸರು ಕಾಣುವುದಿಲ್ಲ.

ಹಾಗಾಗಿ ಹೇಗೆ ಅಳಿಸಲಿ ಅಂತ ಕೇಳಬೇಡಿ, ಯಾರು ಹಿಡಿದಿದ್ದಾರೆ ಅಂತ ಹುಡುಕಿ. ಅದಕ್ಕೆ ಮೈಕ್ರೋಸಾಫ್ಟ್‌ನದೇ ಪ್ರೋಸೆಸ್ ಎಕ್ಸ್‌ಪ್ಲೋರರ್ ಎಂಬ ಟೂಲ್ ಉಚಿತವಾಗಿ ಸಿಗುತ್ತದೆ. ಅಡ್ಮಿನ್ ಆಗಿ ತೆರೆದು, ಫೈಂಡ್ ಮೆನುವಿನಲ್ಲಿ ‘ಫೈಂಡ್ ಹ್ಯಾಂಡಲ್ ಆರ್ ಡಿಎಲ್‌ಎಲ್’ ಆರಿಸಿ, ಫೈಲ್ ಹೆಸರು ಕೊಡಿ. explorer.exe, ಅಂದರೆ ವಿಂಡೋಸ್ ಎಕ್ಸ್‌ಪ್ಲೋರರ್, ಅಂತ ಬಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ರೀಸ್ಟಾರ್ಟ್ ಮಾಡಿ, ಎಲ್ಲೂ ರೈಟ್ ಕ್ಲಿಕ್ ಮಾಡದೆ ನೇರ ಅನ್‌ಇನ್‌ಸ್ಟಾಲ್‌ಗೆ ಹೋಗಿ. ರೈಟ್ ಕ್ಲಿಕ್ ಮಾಡಿದರೆ ಡಿಎಲ್‌ಎಲ್ ಮತ್ತೆ ಲೋಡ್ ಆಗಬಹುದು. ಸರ್ವಿಸ್ ಆಗಿದ್ದರೆ ಸರ್ವಿಸಸ್ ವಿಂಡೋದಲ್ಲೇ ಸ್ಟಾಪ್ ಕೊಡಿ. ಎಂಡ್ ಟಾಸ್ಕ್ ಮಾಡಿದರೆ ಎಷ್ಟೋ ಸರ್ವಿಸ್‌ಗಳು ತಾವಾಗೇ ಮತ್ತೆ ಎದ್ದು ಬರುತ್ತವೆ.

ವಿಂಡೋಸ್‌ಗೆ ತೀರಾ ಬೇಕಾದದ್ದಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳಲ್ಲ. ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಾಮಾನ್ಯವಾಗಿ ಓಡುವುದೇ ಇಲ್ಲ, ಎಂಎಸ್‌ಐ (ಆ ಸರ್ವಿಸ್ ಓಡಿಸುವ ಇನ್‌ಸ್ಟಾಲ್ ಫೈಲ್) ಮೂಲಕ ಹಾಕಿದ್ದು ಅಲ್ಲಿ ಹೋಗುವುದೂ ಇಲ್ಲ.

ಇನ್ನೊಂದು ವಿಷಯ. ಆಗ ಅಳಿಸಲಾಗದ ಫೈಲನ್ನು ಮುಂದಿನ ಬೂಟ್‌ನಲ್ಲಿ ಅಳಿಸು ಅಂತ ಅನ್‌ಇನ್‌ಸ್ಟಾಲರ್ ರಿಜಿಸ್ಟ್ರಿಯಲ್ಲಿ ಬರೆದಿಡಬಹುದು. ಆದರೆ ವಿಂಡೋಸ್ 8 ರಿಂದ ಈಚೆಗೆ ಫಾಸ್ಟ್ ಸ್ಟಾರ್ಟ್‌ಅಪ್ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿ ಮತ್ತೆ ಹಾಕಿದರೂ ಪೂರ್ತಿ ಬೂಟ್ ಆಗುವುದಿಲ್ಲ. ರೀಸ್ಟಾರ್ಟ್ ಅನ್ನೇ ಒತ್ತಿ.

ಈಗಾಗಲೇ ಫೋಲ್ಡರ್ ಅಳಿಸಿದ್ದೀರಾ? ಮೊದಲು ರೀಸೈಕಲ್ ಬಿನ್ ನೋಡಿ ರಿಸ್ಟೋರ್ ಮಾಡಿ. ಅಲ್ಲಿಲ್ಲದಿದ್ದರೆ ಅದೇ ಆವೃತ್ತಿಯ ಇನ್‌ಸ್ಟಾಲರ್ ಬೇಕು. ಆವೃತ್ತಿಯ ಸಂಖ್ಯೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಪಟ್ಟಿಯಲ್ಲಿ ಇನ್ನೂ ಇರುತ್ತದೆ, ನೋಡಿಕೊಳ್ಳಿ.