ಓದುಗರ ಪ್ರಶ್ನೆ, ತಜ್ಞರ ಉತ್ತರ: ಕಿಡ್ನಿ ಕಸಿಯಾದ ಮೇಲೆ ತೂಕ ಏರುವುದು ವಂಶದಿಂದಲೋ, ಮಾತ್ರೆಯಿಂದಲೋ?

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ, ಎತ್ತರ 165 ಸೆಂ.ಮೀ. ಎಂಟು ತಿಂಗಳ ಹಿಂದೆ ನಮ್ಮ ಅತ್ತೆಯವರು ಕೊಟ್ಟ ಕಿಡ್ನಿ ಹಾಕಿದ್ದಾರೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.2 ಇದೆ, ಅದರದೇನೂ ತೊಂದರೆ ಇಲ್ಲ. ಆಪರೇಷನ್ ಹೊತ್ತಿಗೆ 58 ಕೆ.ಜಿ. ಇದ್ದವರು ಈಗ 67 ಆಗಿದ್ದಾರೆ. ಅತ್ತೆಯವರ ತವರಿನ ಮಂದಿ ಎಲ್ಲರೂ ದಪ್ಪ. "ಅವ್ವನ ಕಿಡ್ನಿ ಬಂತು, ಅದರ ಕೂಡ ಅವ್ವನ ಮೈಯೂ ಬಂತು" ಅಂತ ಬಂದವರೆಲ್ಲ ಅನ್ನುತ್ತಾರೆ. ಅತ್ತೆಯವರು ಭಾಳ ನೊಂದುಕೊಂಡಿದ್ದಾರೆ. ಇದು ನಿಜವೇ?
— ಓದುಗರು, ಗದಗ

ಉತ್ತರ: ನಿಜವಲ್ಲ. ಮೊದಲು ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಕಸಿ ಮಾಡಿದ ಕಿಡ್ನಿಯ ಜೀವಕೋಶಗಳಲ್ಲಿ ಅವರ ಜೀನ್‌ಗಳೇ ಇರುತ್ತವೆ, ಕೊನೆತನಕವೂ ಇರುತ್ತವೆ. ಆದರೆ ಅವು ಕಿಡ್ನಿ ಬಿಟ್ಟು ಹೋಗಿ ಮಗನ ಕೊಬ್ಬನ್ನಾಗಲಿ, ಮೆದುಳಿನಲ್ಲಿ ಹಸಿವು ನೋಡಿಕೊಳ್ಳುವ ಭಾಗವನ್ನಾಗಲಿ ಬದಲಿಸುವುದಿಲ್ಲ. ತಾಯಿಯ ಅರ್ಧ ಜೀನ್‌ಗಳು ಮಗನಿಗೆ ಬಂದದ್ದು ಹುಟ್ಟುವಾಗಲೇ. ದಪ್ಪಗಾಗುವ ಗುಣ ತವರಿನ ಕಡೆಯಿಂದ ಬಂದಿದ್ದರೆ ಅದೂ 41 ವರ್ಷದಿಂದ ಅವರೊಳಗೇ ಇದೆ.

ಹಾಗಾದರೆ ಇಷ್ಟು ದಿನ ಯಾಕೆ ಕಾಣಲಿಲ್ಲ? ಕಿಡ್ನಿ ಸೋತಾಗ ರಕ್ತದಲ್ಲಿ ಯೂರಿಯಾ ಏರಿ ನಾಲಿಗೆ ರುಚಿ ಕೆಡುತ್ತದೆ, ಊಟ ಕಂಡರೆ ವಾಕರಿಕೆ ಬರುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಬಾಳೆಹಣ್ಣು ಬೇಡ, ಎಳನೀರು ಬೇಡ, ನೀರು ಅಳೆದು ಕುಡಿಯಿರಿ ಎಂಬ ಪಥ್ಯ. ಕಸಿಯಾದ ಕೆಲವೇ ದಿನಗಳಲ್ಲಿ ರುಚಿ ಮರಳುತ್ತದೆ, ಪಥ್ಯ ಸಡಿಲಾಗುತ್ತದೆ, ಅದೇ ಹೊತ್ತಿಗೆ ಹಸಿವು ಹೆಚ್ಚಿಸುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೂ ಸೇರುತ್ತದೆ. ಮೂರೂ ಒಟ್ಟಿಗೆ ಬಂದಾಗ ಅಡಗಿದ್ದ ವಂಶದ ಗುಣ ಹೊರಗೆ ಬರುತ್ತದೆ. ಮೊದಲ ವರ್ಷದಲ್ಲಿ 5ರಿಂದ 10 ಕೆ.ಜಿ. ಏರುವವರು ಬಹಳ ಮಂದಿ ಇದ್ದಾರೆ.

ಇನ್ನೊಂದು ಲೆಕ್ಕ ಹಾಕಿ. 58 ಕೆ.ಜಿ. ಎಂಬುದು ಕಾಯಿಲೆಯಲ್ಲಿ ಬಡವಾದ ಮೈಯ ತೂಕ. ಕಿಡ್ನಿ ಕೆಡುವ ಮೊದಲು ಎಷ್ಟಿದ್ದರು? 63 ಇದ್ದಿದ್ದರೆ ಈಗ ಏರಿದ 9 ಕೆ.ಜಿ.ಯಲ್ಲಿ 5 ಕೆ.ಜಿ. ಕಳೆದುಕೊಂಡದ್ದು ಮರಳಿ ಬಂದದ್ದು, ಅದಕ್ಕೆ ಸಂತೋಷಪಡಬೇಕು. ಹತೋಟಿಗೆ ತರಬೇಕಾದದ್ದು ಉಳಿದ 4 ಕೆ.ಜಿ. 165 ಸೆಂ.ಮೀ. ಎತ್ತರಕ್ಕೆ 67 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಅಳತೆ) 24.6. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ಲೆಕ್ಕ. ಜೊತೆಗೆ ಟೇಪು ಹಿಡಿದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ಲಿವರ್ ಕಸಿಯಲ್ಲಿ ಮಾತ್ರ ದಾನಿಯ ಜೀನ್‌ಗೆ ಒಂದು ಪಾತ್ರವಿದೆ. ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ರೂಪ ದಾನಿಯಲ್ಲಿದ್ದರೆ ಹೊಸ ಲಿವರ್‌ನಲ್ಲಿ ಕೊಬ್ಬು ಕೂಡುವ ಸಾಧ್ಯತೆ ಹೆಚ್ಚು. ಅದೂ ಲಿವರ್‌ನೊಳಗಿನ ಮಾತು, ಇಡೀ ಮೈಯದ್ದಲ್ಲ.

ಪ್ರಶ್ನೆ: ನನ್ನ ತಮ್ಮನಿಗೂ ನಮ್ಮ ಓಣಿಯ ಇನ್ನೊಬ್ಬರಿಗೂ ಒಂದೇ ವರ್ಷ ಕಸಿ ಆಯಿತು. ಮಾತ್ರೆಗಳೂ ಅವೇ. ಅವರಿಗೆ 3 ಕೆ.ಜಿ. ಏರಿದೆ, ತಮ್ಮನಿಗೆ 12. ಇದಕ್ಕೆ ಯಾವ ಜೀನ್ ಕಾರಣ? ಎಂಜಲು ಕಳಿಸಿದರೆ ಜೀನ್ ಪರೀಕ್ಷೆ ಮಾಡಿಕೊಡುತ್ತೇವೆ ಎಂಬ ಜಾಹೀರಾತು ನೋಡಿದ್ದೇವೆ, ಮಾಡಿಸಬಹುದೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಒಂದು ಜೀನ್ ಹೆಸರು ಹೇಳಿ ಮುಗಿಸುವ ವಿಷಯ ಇದಲ್ಲ. ತೂಕದ ಮೇಲೆ ಪ್ರಭಾವ ಬೀರುವ ನೂರಾರು ಜೀನ್ ಜಾಗಗಳು ಗೊತ್ತಾಗಿವೆ. ಅವುಗಳಲ್ಲಿ ಹೆಸರಾದದ್ದು 2007ರಲ್ಲಿ ಗುರುತಿಸಿದ ಎಫ್‌ಟಿಒ. ಅದರ ತೂಕ ಹೆಚ್ಚಿಸುವ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ, ಯಾರಿಂದಲೂ ಬಾರದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚಿರುತ್ತಾರೆ. ಅಂಥವರಿಗೆ ಹೊಟ್ಟೆ ತುಂಬಿತು ಎಂಬ ಅರಿವು ತಡವಾಗಿ ಬರುತ್ತದೆ. ಇನ್ನೊಂದು ಎಂಸಿ4ಆರ್, ಮೆದುಳಿನಲ್ಲಿ ಹಸಿವಿಗೆ ಕಡಿವಾಣ ಹಾಕುವ ಜೀನ್. ಇದರ ಪಕ್ಕದ ಒಂದು ವ್ಯತ್ಯಾಸಕ್ಕೂ ಸೊಂಟದ ಸುತ್ತಳತೆಗೂ ನಂಟಿದೆ ಎಂದು 2008ರಲ್ಲಿ ತಿಳಿದದ್ದು ಭಾರತೀಯ ಮೂಲದವರನ್ನು ಪರೀಕ್ಷಿಸಿದಾಗಲೇ. ಕಸಿಯಾದವರ ಬಗ್ಗೆಯೇ ಅಮೆರಿಕದ ಟೆನೆಸಿಯಲ್ಲಿ ಅಧ್ಯಯನ ನಡೆದಿದೆ. ಆಪರೇಷನ್ ಹೊತ್ತಿನಲ್ಲಿ ಚರ್ಮದ ಕೆಳಗಿನ ಕೊಬ್ಬಿನ ಚೂರು ತೆಗೆದು ನೋಡಿದಾಗ, ಬೊಜ್ಜಿಗೆ ಸಂಬಂಧಿಸಿದ ಕೆಲವು ಜೀನ್‌ಗಳು ಎಷ್ಟು ಚುರುಕಾಗಿವೆ ಎಂಬುದಕ್ಕೂ ಮುಂದೆ ಆಗುವ ತೂಕದ ಬದಲಾವಣೆಗೂ ನಂಟು ಕಂಡಿದೆ. ಪರೀಕ್ಷಿಸಿದ್ದು ಕೆಲವೇ ಮಂದಿಯನ್ನು, ಹಾಗಾಗಿ ಅದು ಆಸ್ಪತ್ರೆಯ ಪರೀಕ್ಷೆಯಾಗುವ ಹಂತಕ್ಕೆ ಬಂದಿಲ್ಲ.

ಎಂಜಲು ಪರೀಕ್ಷೆಗೆ ದುಡ್ಡು ಹಾಕಬೇಡಿ. ಏನೇ ಫಲಿತಾಂಶ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಅದಕ್ಕಿಂತ ಒಂದು ಹಾಳೆ ತೆಗೆದುಕೊಂಡು ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರ ತೂಕ, ಸಕ್ಕರೆ ಕಾಯಿಲೆ ಇದ್ದರೆ ಎಷ್ಟನೇ ವಯಸ್ಸಿಗೆ ಬಂತು ಎಂದು ಬರೆದು ಕಿಡ್ನಿ ವೈದ್ಯರಿಗೆ ಕೊಡಿ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮತ್ತು ಸ್ಟೀರಾಯ್ಡ್ ಎರಡೂ ಸಕ್ಕರೆ ಏರಿಸುತ್ತವೆ. ಮನೆತನದಲ್ಲಿ ಆ ಕಾಯಿಲೆ ಇದ್ದರೆ ಕಸಿಯ ನಂತರ ಅದು ಬರುವ ಸಂಭವ ಜಾಸ್ತಿ. ಈ ಹಾಳೆ ಕಸಿಗೆ ಮೊದಲೇ ಸಿಕ್ಕರೆ ಇನ್ನೂ ಒಳ್ಳೆಯದು.

ಚಿಕಿತ್ಸೆಗೆ ಉಪಯೋಗವಾಗುವ ಒಂದು ಜೀನ್ ಸಿವೈಪಿ3ಎ5. ಅದು ಚುರುಕಾಗಿದ್ದವರಲ್ಲಿ ಟ್ಯಾಕ್ರೋಲಿಮಸ್ ಬೇಗ ಕರಗುತ್ತದೆ, ಒಂದೂವರೆಯಿಂದ ಎರಡು ಪಟ್ಟು ಡೋಸ್ ಬೇಕಾಗುತ್ತದೆ. ಆದರೆ ಅದು ತೂಕದ ಜೀನ್ ಅಲ್ಲ. ಆ ಜೀನ್ ಪರೀಕ್ಷೆ ಮಾಡಿಸದಿದ್ದರೂ ರಕ್ತದಲ್ಲಿ ಔಷಧಿಯ ಮಟ್ಟ ನೋಡಿ ಡೋಸ್ ಹೊಂದಿಸುತ್ತಾರೆ. ಆ ರಕ್ತವನ್ನು ಬೆಳಗಿನ ಡೋಸ್ ನುಂಗುವ ಮೊದಲೇ ಕೊಡಬೇಕು. ನುಂಗಿ ಹೋದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ.

ತಮ್ಮನಿಗೆ ಒಂದು ಭರವಸೆ ಕೊಡಿ: ದಿನಾ ಮೈ ಬಳಸುವವರಲ್ಲಿ ಎಫ್‌ಟಿಒ ತರುವ ಬೊಜ್ಜಿನ ಅಪಾಯ ಸುಮಾರು ಕಾಲು ಭಾಗ ತಗ್ಗುತ್ತದೆ. ಬಾಯಿ ಕಟ್ಟಿಲ್ಲ ಎಂದು ಅವರನ್ನು ಬೈಯುವುದು ಮಾತ್ರ ಬೇಡ. ಅವರ ಹಸಿವು ಪಕ್ಕದವರ ಹಸಿವಿಗಿಂತ ನಿಜವಾಗಿಯೂ ಹೆಚ್ಚಿರಬಹುದು.

ಪ್ರಶ್ನೆ: ಕಸಿಯಾಗಿ ನಾಲ್ಕು ತಿಂಗಳು. ಎರಡು ದಿನದಲ್ಲಿ 2 ಕೆ.ಜಿ. ಏರಿದೆ. ಸ್ಟೀರಾಯ್ಡ್ ಮಾತ್ರೆಯಿಂದಲೇ ಮೈ ಬರುತ್ತದೆ ಎನ್ನುತ್ತಾರೆ. ಅರ್ಧ ಮಾಡಿಕೊಳ್ಳಲೇ?
— ಓದುಗರು, ನವಲಗುಂದ

ಉತ್ತರ: ಬೇಡ. ನೀವಾಗಿಯೇ ಕಡಿಮೆ ಮಾಡಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರಲ್ಲಿ, ಮೈಗೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ತಗ್ಗಿಸಿರುವುದರಿಂದ ಬಿ.ಪಿ. ಕುಸಿದು ಜೀವಕ್ಕೇ ಅಪಾಯ ಆಗಬಹುದು. ಸಾಮಾನ್ಯವಾಗಿ ದಿನಕ್ಕೆ 20 ಮಿ.ಗ್ರಾಂನಿಂದ ಶುರುವಾಗಿ ಕೆಲವು ತಿಂಗಳಲ್ಲಿ 5 ಮಿ.ಗ್ರಾಂಗೆ ಇಳಿಸುತ್ತಾರೆ, ಅದನ್ನು ವೈದ್ಯರೇ ಮಾಡಬೇಕು.

ನಿಮಗೆ ಏರಿರುವುದು ಕೊಬ್ಬಲ್ಲ. 1 ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಬೇಕು. ಎರಡು ದಿನದಲ್ಲಿ 15,000 ಕ್ಯಾಲರಿ ಹೆಚ್ಚಿಗೆ ಯಾರೂ ಉಣ್ಣಲಾರರು. ಇದು ನೀರು. ಮೊಳಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ, ಕುಳಿ ಉಳಿದರೆ ಬಾವು ಇದೆ. ಮೂತ್ರ ಕಡಿಮೆಯಾಗಿದೆಯೇ, ಬಿ.ಪಿ. ಏರಿದೆಯೇ, ಜ್ವರವಿದೆಯೇ, ಕಸಿ ಮಾಡಿದ ಕಡೆ ನೋವಿದೆಯೇ ನೋಡಿ, ಇವತ್ತೇ ಕಸಿ ಘಟಕಕ್ಕೆ ಫೋನ್ ಮಾಡಿ. ಬಾವು ಕಾಣದಿದ್ದರೂ ಫೋನ್ ಮಾಡಿ.

ಮುಂದೆ ತೂಕ ನೋಡುವಾಗ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಾ ಕುಡಿಯುವ ಮೊದಲು, ಅದೇ ಯಂತ್ರದಲ್ಲಿ ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಬೇಕು. ಜಮಖಾನೆ, ಚಾಪೆಯ ಮೇಲಿಟ್ಟರೆ ತೂಕ ತಪ್ಪು ತೋರಿಸುತ್ತದೆ. ಉಪ್ಪು ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಬಂತು.

ಪ್ರಶ್ನೆ: ಮಗನಿಗೆ ಕಸಿಯಾಗಿದೆ. ರೊಟ್ಟಿ ಊಟ ಬಿಡಿಸಿ ಓಟ್ಸ್ ಕೊಡಬೇಕೆ? ಸಂಜೆಯಾದರೆ ಹಸಿವು ತಡೆಯುವುದಿಲ್ಲ.
— ಓದುಗರು, ಬ್ಯಾಡಗಿ

ಉತ್ತರ: ರೊಟ್ಟಿ ಬಿಡಿಸಬೇಡಿ, ಅದು ಒಳ್ಳೆಯ ಊಟ. ಅಳತೆಯೊಂದನ್ನು ನೋಡಿ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲರಿ. ಒಂದೆರಡು ದಿನ ಹಿಟ್ಟು ತೂಗಿ ಬಡಿಯಿರಿ, ಆಮೇಲೆ ಕೈಗೇ ಗೊತ್ತಾಗುತ್ತದೆ. ಒಂದು ಊಟಕ್ಕೆ ಎರಡು ಸಾಕು. ಖಡಕ್ ರೊಟ್ಟಿ ಮುರಿದು ಮುರಿದು ತಿನ್ನುವಾಗ ಲೆಕ್ಕ ತಪ್ಪುತ್ತದೆ, ಎಣಿಸಿಯೇ ತಾಟಿಗೆ ಹಾಕಿ.

ಕ್ಯಾಲರಿ ಅಡಗಿರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಹಿಂಡಿ 25 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ, 130 ಕ್ಯಾಲರಿ ಮುಟ್ಟುತ್ತದೆ. ಮೇಲೆ ಎಣ್ಣೆ ಹಾಕಿದರೆ ಪ್ರತಿ ಚಹಾ ಚಮಚಕ್ಕೆ ಇನ್ನೂ 45. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಎಂದು ಬಾಟಲಿಯನ್ನೇ ಬೇರೆ ತೆಗೆದಿಡಿ. ಎಣ್ಣೆಗಾಯಿ ವಾರಕ್ಕೊಮ್ಮೆ ಇರಲಿ, ಉಳಿದ ದಿನ ಹೆಸರುಕಾಳು, ಮಡಕಿಕಾಳಿನ ಪಲ್ಯ, ಬೇಯಿಸಿದ ಸೊಪ್ಪು. ಮೊಳಕೆ ಕಾಳನ್ನು ಹಸಿಯಾಗಿ ಕೊಡಬೇಡಿ, ಸೋಂಕಿನ ಭಯವಿದೆ.

ನೀರು ಹೆಚ್ಚು ಕುಡಿಯಿರಿ ಎಂದು ವೈದ್ಯರು ಹೇಳಿದ್ದನ್ನು ಚಾದಲ್ಲಿ ತೀರಿಸುವವರು ಬಹಳ. ಎರಡು ಚಮಚ ಸಕ್ಕರೆಯ ಚಾ ದಿನಕ್ಕೆ ಆರು ಕಪ್ ಆದರೆ 60 ಗ್ರಾಂ ಸಕ್ಕರೆ, 240 ಕ್ಯಾಲರಿ. ದಿನದ ಅಗತ್ಯದ ಮೇಲೆ ಇಷ್ಟು ಸೇರಿದರೆ ತಿಂಗಳಿಗೆ ಹತ್ತಿರ ಹತ್ತಿರ 1 ಕೆ.ಜಿ. ಕೊಬ್ಬು. ನೋಡಲು ಬಂದವರು ತರುವ ಪೇಡೆ ಪೊಟ್ಟಣವನ್ನು ಅವರೆದುರಿಗೇ ಹಂಚಿಬಿಡಿ.

ಸಂಜೆಯ ಹಸಿವಿಗೂ ಕಾರಣವಿದೆ, ಪ್ರೆಡ್ನಿಸೊಲೋನ್ ಹಸಿವು ಹೆಚ್ಚಿಸುತ್ತದೆ. ಇನ್ನೊಂದು ಮಾತು: ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್‌ನಿಂದ ಸಕ್ಕರೆ ಹೆಚ್ಚು ಏರುವುದು ಮಧ್ಯಾಹ್ನ ಮತ್ತು ಸಂಜೆ. ಹೀಗಾಗಿ ಬರಿ ಹೊಟ್ಟೆಯ ಸಕ್ಕರೆ ಸರಿ ಇದೆ ಎಂದು ಸುಮ್ಮನಿರದೆ ಮಧ್ಯಾಹ್ನದ ಊಟವಾದ ಎರಡು ತಾಸಿಗೂ ನೋಡಿಸಿ. ಐದು ಗಂಟೆಗೆ ಮಿರ್ಚಿ ಭಜಿ ನೆನಪಾಗುವ ಮೊದಲೇ ಮಜ್ಜಿಗೆ, ತೊಳೆದು ಸಿಪ್ಪೆ ತೆಗೆದ ಸೌತೆಕಾಯಿ, ಒಂದು ಹಿಡಿ ಹುರಿದ ಪುಠಾಣಿ ಎದುರಿಗಿಡಿ.

ನಡಿಗೆ ಮೊದಲು ದಿನಕ್ಕೆ ಮೂರು ಸಲ ಹತ್ತು ನಿಮಿಷ, ವೈದ್ಯರು ಒಪ್ಪಿದ ಮೇಲೆ ವಾರಕ್ಕೆ 150 ನಿಮಿಷ. ಮೊದಲ ಆರರಿಂದ ಎಂಟು ವಾರ ತುಂಬಿದ ಕೊಡ ಎತ್ತಬಾರದು, ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಬಹುದು. ಹೊಲಕ್ಕೆ ಹೋಗುವ ಕಾಲ ಬಂದಾಗ ಮಾಸ್ಕ್, ಕೈಗವಸು ಇರಲಿ, ತಿಪ್ಪೆ ಕೆದರುವ ಕೆಲಸ ಬೇರೆಯವರು ಮಾಡಲಿ.

ಪ್ರಶ್ನೆ: ತೂಕ ಇಳಿಸಲು ಅಮೃತಬಳ್ಳಿ ಪುಡಿ, ಚಕ್ಕೋತ ಹಣ್ಣು ಒಳ್ಳೆಯದಂತೆ. ವಾರಕ್ಕೊಂದು ಇಂಜೆಕ್ಷನ್ ಕೂಡ ಬಂದಿದೆಯಂತೆ?
— ಓದುಗರು, ರಾಣೆಬೆನ್ನೂರು

ಉತ್ತರ: ಕಸಿಯಾದವರಿಗೆ ಮೊದಲಿನ ಎರಡೂ ಬೇಡ. ಅಮೃತಬಳ್ಳಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ, ನಿಮ್ಮ ಮಾತ್ರೆಗಳು ಅದನ್ನೇ ತಗ್ಗಿಸಲು ಇರುವಂಥವು. ಅದರಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಚಕ್ಕೋತ ತಿಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿ ಕಿಡ್ನಿಗೇ ವಿಷವಾಗಬಹುದು. ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ಕೆಲವರಿಗೆ ಕೊಡುತ್ತಾರೆ, ಆದರೆ ಕಿಡ್ನಿ ವೈದ್ಯರೇ ಬರೆದುಕೊಡಬೇಕು. ವಾಂತಿಯಾದರೆ ಕಸಿಯ ಮಾತ್ರೆಯೂ ಹೊರಗೆ ಹೋಗುತ್ತದೆ, ನೀರು ಕಡಿಮೆಯಾಗಿ ಕ್ರಿಯಾಟಿನಿನ್ ಏರುತ್ತದೆ. ಇಂಜೆಕ್ಷನ್ ಶುರುಮಾಡಿದ ಮೇಲೆ ವಾಂತಿಯಾದರೆ ಮುಂದಿನ ವಾರದವರೆಗೆ ಕಾಯದೆ ಅವತ್ತೇ ಕಿಡ್ನಿ ವೈದ್ಯರಿಗೆ ಫೋನ್ ಮಾಡಿ, ಅವರನ್ನು ಕೇಳದೆ ಮುಂದಿನ ಡೋಸ್ ಹಾಕಿಸಿಕೊಳ್ಳಬೇಡಿ.